ಬ್ರೆಡ್ ವ್ಯಾನಿನಲ್ಲಿ ಚಳಿಗಾಲ

ರಾನ್‌ಫರ್ಲಿ
3 ಜುಲೈ 1986

ಮೊರಾಗ್,

ಅಡುಗೆಮನೆಯ ಮೇಜಿನ ಮೇಲೆ ಚೀಟಿ ಇಟ್ಟು ಹೊರಟುಬಿಟ್ಟೆನೆಂದು ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಹೇಳಿ ಹೊರಟಿದ್ದರೆ ನೀನು ಅಳುತ್ತಿದ್ದೆ, ನಿನ್ನ ಗಂಡ ನೆವಿಲ್ ವ್ಯಾನಿಗೆ ಅಡ್ಡ ನಿಂತು ಮೆಲ್ಲಗೆ ಬುದ್ಧಿ ಹೇಳುತ್ತಿದ್ದ, ನಾನು ಎಂಜಿನ್ ಆರಿಸಿ ಒಳಗೆ ಬಂದು ಕೂರುತ್ತಿದ್ದೆ. ಹಾಗೆ ಒಳಗೆ ಬಂದು ಕೂತಿದ್ದು ಈ ಜನ್ಮಕ್ಕೆ ಸಾಕಾಗಿದೆ.

ಡಿಸೆಂಬರಿನಲ್ಲಿ ಬೇಸಿಗೆ ಬರುವವರೆಗೆ ಕಾಯು ಎಂದಿರಿ. ಅಷ್ಟರೊಳಗೆ ನನಗೆಂದು ನಿಮ್ಮ ಹಿತ್ತಲ ಕೋಣೆಗೆ ಬಣ್ಣ ಬಳಿದು ಮುಗಿದಿರುತ್ತದೆ. ಅದರ ಕಿಟಕಿಗೆ ಪರದೆಯ ಬಟ್ಟೆಯನ್ನು ನೆವಿಲ್ ಆರಿಸಿಯೂ ಆಯಿತು. ಆ ಪರದೆಯ ಹಿಂದೆ ಒಮ್ಮೆ ಕೂತರೆ ನಾನು ಎದ್ದು ಬರುವುದು ಶವಪೆಟ್ಟಿಗೆಯಲ್ಲೇ. ಅದಕ್ಕೇ ನಡುಚಳಿಯಲ್ಲೇ ಹೊರಟೆ.

ನಿನ್ನಪ್ಪ ಹೋದ ಮೇಲೆ ನಾನು ಸಂಜೆಯ ಮರಗೆಲಸದ ತರಗತಿಗೆ ಹೋಗುವಾಗ, ಪಾಪ, ದುಃಖ ಮರೆಯಲಿಕ್ಕೆ ಹೋಗುತ್ತಾಳೆ ಎಂದು ನೀವೆಲ್ಲ ಅಂದುಕೊಂಡಿರಿ. ನಾನು ಹೋಗಿದ್ದು ಮಂಚ ಮಾಡುವುದನ್ನು ಕಲಿಯಲಿಕ್ಕೆ. ಕಲಿತೆ. ಈ ಹಳೆಯ ಬ್ರೆಡ್ ವ್ಯಾನಿನಲ್ಲಿ ಈಗಿರುವ ಮಂಚ, ಕಪಾಟು, ಮಡಚುವ ಮೇಜು, ಎಲ್ಲ ನನ್ನ ಕೈಯವು. ಒಂದು ಬಾಗಿಲು ಸ್ವಲ್ಪ ಸೊಟ್ಟಗಿದೆ. ಇರಲಿ. ಪುಟ್ಟ ಕಬ್ಬಿಣದ ಒಲೆ ಹೊತ್ತಿಸಿದರೆ ನೆಲದ ಹಲಗೆಗಳು ಬಿಸಿಯಾಗಿ ಹಳೆಯ ಬ್ರೆಡ್ಡಿನ ವಾಸನೆ ಬಿಡುತ್ತವೆ. ಹಸಿವಾಗುತ್ತದೆ, ಅಷ್ಟೇ ತೊಂದರೆ.

ಸುಳ್ಳೇಕೆ ಹೇಳಲಿ, ಇಂದು ಬೆಳಿಗ್ಗೆ ವ್ಯಾನು ಅಲುಗಲೇ ಇಲ್ಲ. ಇಬ್ಬನಿ ಹೆಪ್ಪುಗಟ್ಟಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳಿಗೆ ಕಚ್ಚಿಕೊಂಡಿತ್ತು. ಪಕ್ಕದ ಹೊಲದವನೊಬ್ಬ ಬೇಲಿಗೆ ಒರಗಿ ನೋಡುತ್ತಿದ್ದ. "ಗಂಡಸರು ಯಾರೂ ಜೊತೇಲಿಲ್ವಾ?" ಅಂದ. "ಇದ್ರು, ಸಮಾಧಿ ಮಾಡಿ ಬಂದೆ" ಅಂದೆ. ನಾನೇ ಕೆಳಗೆ ಮಲಗಿ ಚಕ್ರದ ಒಳಬದಿಗೆ ಸುತ್ತಿಗೆಯಿಂದ ತಟ್ಟಿದೆ. ಟಕ್ಕೆಂದು ಬಿಟ್ಟುಕೊಂಡಿತು. ಸ್ಕರ್ಟು ಮಾತ್ರ ಹಾಳಾಯಿತು.

ಓಮರಾಮದ ಅಂಚೆ ಕಚೇರಿಗೆ ಬರೆ. ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ನಿನ್ನ ಅಮ್ಮ,
ಐಲ್ಸಾ


ಡ್ಯುನೆಡಿನ್
10 ಜುಲೈ, ಗುರುವಾರ

ಅಮ್ಮ,

ಇಂದು ಗುರುವಾರ, ಕಾರು ನನ್ನ ಕೈಯಲ್ಲಿರುವ ದಿನ. ದಿನಸಿ ತಂದು ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಕರ್ಸ್ಟಿಯ ಶಾಲೆ ಬಿಡುವುದರೊಳಗೆ ಮುಗಿಸಬೇಕು.

ನೀನು ತಮಾಷೆ ಮಾಡಿ ಬರೆದಿದ್ದೀಯೆ, ನನಗೆ ನಗು ಬರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಬಂದು ಇನ್ನೂ ವರ್ಷ ತುಂಬದ ಅರವತ್ನಾಲ್ಕರ ಹೆಂಗಸು, ಸ್ವಂತ ಕೈಯಲ್ಲಿ ಮೊಳೆ ಹೊಡೆದ ಗಾಡಿಯಲ್ಲಿ, ಜುಲೈ ತಿಂಗಳ ಹಿಮದಲ್ಲಿ ಘಾಟಿ ಹತ್ತುತ್ತಾಳಂತೆ. ಎಲ್ಲಿಗೆ ಎಂದಾದರೂ ಹೇಳಿದ್ದೀಯಾ? ಕರ್ಸ್ಟಿ ಊಟದ ಹೊತ್ತಿಗೆ "ಅಜ್ಜಿ ಎಲ್ಲಿಗೆ ಹೋದ್ರು?" ಎಂದು ಕೇಳುತ್ತಾಳೆ. ನೆವಿಲ್ ತಟ್ಟೆಯಿಂದ ಕಣ್ಣೆತ್ತದೆ, "ಅಜ್ಜಿಗೆ ಹುಷಾರಿಲ್ಲ, ವಾಪಸ್ ಬರ್ತಾರೆ" ಎನ್ನುತ್ತಾನೆ.

ಅಪ್ಪನಿದ್ದಿದ್ದರೆ ಇದಕ್ಕೆ ಒಪ್ಪುತ್ತಿದ್ದರೇ? ಅದನ್ನಾದರೂ ಯೋಚಿಸು. ಅವರು ನಿನ್ನನ್ನು ರಾಣಿಯ ಹಾಗೆ ನೋಡಿಕೊಂಡರು.

ಹಿಂತಿರುಗು. ಹಠ ಮಾಡಬೇಡ.

ಮೊರಾಗ್


ಓಮರಾಮ
16 ಜುಲೈ

ಮೊರಾಗ್,

ಎಲ್ಲಿಗೆ ಎಂದು ಕೇಳಿದ್ದೀಯೆ. ಉತ್ತರಕ್ಕೆ. ಕರ್ಸ್ಟಿಗೆ ಹಾಗೇ ಹೇಳು. ಅಜ್ಜಿ ಹುಷಾರಾಗಿದ್ದಾರೆ ಎಂದೂ ಹೇಳು.

ಲಿಂಡಿಸ್ ಘಾಟಿಯನ್ನು ದಾಟಿದೆ. ಸಲೀಸಾಗಿ ದಾಟಿದೆನೆಂದು ನಾನು ಬರೆದರೂ ನೀನು ನಂಬುವವಳಲ್ಲ, ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ. ಏರಿನ ನೆತ್ತಿ ಇನ್ನೇನು ಸಿಕ್ಕಿತು ಎನ್ನುವಾಗ ಎಂಜಿನ್ನಿನಿಂದ ಬುಸ್ಸೆಂದು ಹಬೆ ಎದ್ದಿತು. ಇಳಿದು ನೋಡಿದರೆ ಕೆಳಗೆ ಹಿಮದ ಮೇಲೆ ನೀರು ಸುರಿಯುತ್ತಿದೆ. ಹಿಂದಿನ ದಿನದ ಚಳಿಗೆ ಒಳಗಿನ ನೀರು ಗಟ್ಟಿಯಾಗಿ, ಎಂಜಿನ್ನಿನ ಪಕ್ಕದಲ್ಲಿರುವ ತಗಡಿನ ಬಿಲ್ಲೆಯನ್ನು ಸಡಿಲಿಸಿತ್ತು. ಏರಿನ ಬಿಸಿಗೆ ಅದು ಹಾರಿಹೋಗಿತ್ತು. ಅಲ್ಲೊಂದು ತೂತು. ಸುತ್ತ ಎತ್ತ ನೋಡಿದರೂ ಬಿಳಿ ಗುಡ್ಡ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಹೆದರಿದೆ. ಚೆನ್ನಾಗಿಯೇ ಹೆದರಿದೆ. ವ್ಯಾನಿನೊಳಗೆ ಹೋಗಿ ಒಲೆ ಹೊತ್ತಿಸಿ ಕೂತೆ. ಆಮೇಲೆ ನಾನು ಮಾಡಿದ ಸ್ಟೂಲು ಕಣ್ಣಿಗೆ ಬಿತ್ತು. ಅದರ ಒಂದು ಕಾಲನ್ನು ಕೊಯ್ದೆ, ಚಾಕುವಿನಿಂದ ಕೆತ್ತಿ ಬಿರಡೆ ಮಾಡಿದೆ, ಸುತ್ತ ಬಟ್ಟೆ ಸುತ್ತಿ ತೂತಿಗೆ ಬಡಿದು ಕೂರಿಸಿದೆ. ಪಾತ್ರೆ ಪಾತ್ರೆ ಹಿಮ ತಂದು ಒಲೆಯ ಮೇಲೆ ಕರಗಿಸಿ ರೇಡಿಯೇಟರಿಗೆ ಹುಯ್ದೆ. ಹಿಮ ಎಷ್ಟು ಮೋಸದ್ದು ಗೊತ್ತಾ, ಪಾತ್ರೆ ತುಂಬ ಹಾಕಿದರೆ ಬೊಗಸೆ ನೀರೂ ಆಗುವುದಿಲ್ಲ. ಆದರೂ ತುಂಬಿಸಿದೆ. ಮೆಲ್ಲಗೆ ಇಳಿದು ಬಂದೆ, ದಾರಿಯುದ್ದಕ್ಕೂ ವ್ಯಾನಿನ ಜೊತೆ ಮಾತಾಡುತ್ತ. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇಲ್ಲಿಯ ಗ್ಯಾರೇಜಿನವನು ಬಿರಡೆಯನ್ನು ನೋಡಿ ತಲೆ ಕೆರೆದುಕೊಂಡ. "ಈ ಗಾಡೀನ ಯಾವುದಾದ್ರೂ ಹೊಲದಲ್ಲಿ ನಿಲ್ಸಿ ಕೋಳಿ ಸಾಕಿ, ಅಮ್ಮಾವ್ರೆ" ಅಂದ. ಅಲ್ಲೇ ಟ್ರಕ್ಕಿಗೆ ಪೆಟ್ರೋಲ್ ಹಾಕಿಸುತ್ತಿದ್ದ ಎತ್ತರದ ಮಾವೊರಿ ಜನದವನೊಬ್ಬ ಬಗ್ಗಿ ನೋಡಿ ನಕ್ಕ. "ಕೋಳಿಗೆ ಯಾಕೆ ಕೊಡ್ತೀರಾ ಆಂಟಿ, ಸ್ಟೂಲಿನ ಕಾಲಲ್ಲಿ ಘಾಟಿ ಇಳಿದ ಗಾಡಿ ಇದು. ನಿಮಗೆ ಅಡುಗೆ ಬರುತ್ತಾ?"

ಅವನ ಹೆಸರು ತಮಾತಿ. ಕೈಕತ್ತರಿಯಿಂದ ಕುರಿಗಳ ಉಣ್ಣೆ ತೆಗೆಯುವ ತಂಡದ ಯಜಮಾನ. ಈ ಚಳಿಯಲ್ಲಿ ಯಂತ್ರದಿಂದ ಬೋಳಿಸಿದರೆ ಗಬ್ಬದ ಕುರಿಗಳು ಸಾಯುತ್ತವೆ, ಅದಕ್ಕೆ ಇಲ್ಲಿಯ ಮೇಲಿನ ಫಾರಂಗಳಲ್ಲಿ ಇನ್ನೂ ಮೈಮೇಲೆ ಸ್ವಲ್ಪ ಉಣ್ಣೆ ಉಳಿಸುವ ಕೈಕತ್ತರಿಯೇ. ಅವರ ಅಡುಗೆಯವನು ಜಗಳವಾಡಿ ಬಿಟ್ಟುಹೋಗಿದ್ದಾನಂತೆ. ನಾಳೆಯಿಂದ ನಾನು ಅವರ ಅಡುಗೆಯವಳು. ಗ್ಲೆನ್‌ಕೋರಿ ಫಾರಂ, ಓಮರಾಮ ಅಂಚೆ. ವ್ಯಾನಿನಲ್ಲೇ ಇರುತ್ತೇನೆ.

ನಿನ್ನಪ್ಪ ರಾಣಿಯ ಹಾಗೆ ನೋಡಿಕೊಂಡರು ಎಂದು ಬರೆದಿದ್ದೀಯೆ. ಹೌದು, ನೋಡಿಕೊಂಡರು.

ಅಮ್ಮ


ಡ್ಯುನೆಡಿನ್
24 ಜುಲೈ, ಗುರುವಾರ

ಅಮ್ಮ,

ಕಾಗದವನ್ನು ನೆವಿಲ್ ಓದಿದ. ಅಂಚೆ ಮೊದಲು ಅವನ ಕೈಗೇ ಸಿಗುತ್ತದೆ. "ಕುರಿ ಕತ್ತರಿಸೋರ ಮಧ್ಯೆ" ಎಂದು ಎರಡು ಸಲ ಹೇಳಿದ. ಮಾರನೆಯ ದಿನ ತಿಂಡಿಯ ಹೊತ್ತಿಗೆ, ಮುಂದಿನ ಶನಿವಾರ ತಾನೇ ಬಂದು ನಿನ್ನನ್ನು ಕರೆತರುತ್ತೇನೆಂದ. ನಾನೂ ಬರುತ್ತೇನೆಂದೆ. ಬೇಡವಂತೆ, ನಾನು ಭಾವುಕಳಾಗುತ್ತೇನಂತೆ.

ಅವನ ಜೊತೆ ಬಂದುಬಿಡು ಅಮ್ಮ. ನಿನಗಾಗಿ ಅಲ್ಲದಿದ್ದರೆ ನನಗಾಗಿ. ನೀನು ಬಂದರೆ ಇಲ್ಲಿ ಎಲ್ಲ ಸ್ವಲ್ಪ ಸುಲಭವಾಗುತ್ತದೆ.

ಸ್ಟೂಲಿನ ಕಾಲಿನ ಸಂಗತಿಯನ್ನು ಕರ್ಸ್ಟಿಗೆ ಓದಿ ಹೇಳಿದೆ. ಮೂರು ಸಲ ಓದಿಸಿದಳು.

ಮೊರಾಗ್


ಗ್ಲೆನ್‌ಕೋರಿ
3 ಆಗಸ್ಟ್

ಮೊರಾಗ್,

ನಿನ್ನ ಗಂಡ ಬಂದು ಹೋದ. ಅವನು ಏನು ಹೇಳಿದ್ದಾನೋ ಗೊತ್ತಿಲ್ಲ. ನಡೆದದ್ದು ಇದು.

ಮಧ್ಯಾಹ್ನ ಊಟಕ್ಕೆ ಇಡುವ ಹೊತ್ತಿಗೆ ಕಾರು ಬಂತು. ಇಳಿಯುವಾಗ ಅವನ ಕೈಯಲ್ಲಿ ಒಂದು ಫ್ಲಾಸ್ಕು, ಒಂದು ಕಂಬಳಿ, ನಾನೇನೋ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬರುವವಳು ಎನ್ನುವ ಹಾಗೆ.

"ಅತ್ತೆ, ಹೊರಡೋಣ. ಮೊರಾಗ್‌ಗೆ ನಿದ್ದೇನೇ ಇಲ್ಲ."

"ನಾನು ನಿಮ್ಮ ಕಾರಲ್ಲಿ ಕೂತ್ರೆ ಅವಳಿಗೆ ನಿದ್ದೆ ಬರುತ್ತಾ ನೆವಿಲ್?"

"ಈ ವಯಸ್ಸಲ್ಲಿ ಇವರಿಗೆಲ್ಲ ಬೇಯಿಸಿ ಹಾಕೋದು ನಿಮಗೆ ಚೆಂದಾನಾ?"

"ನಲವತ್ತು ವರ್ಷ ಒಬ್ಬರಿಗೆ ಬೇಯಿಸಿ ಹಾಕಿದೆ. ಆವಾಗ ಚೆಂದಾನಾ ಅಂತ ಯಾರೂ ಕೇಳ್ಲಿಲ್ಲ. ಇವರು ಉಂಡ ಮೇಲೆ ತಟ್ಟೆ ತಾವೇ ತೊಳೀತಾರೆ."

ಬಾಗಿಲಲ್ಲಿ ತಮಾತಿ ಬಂದು ನಿಂತ. "ಆಂಟಿ, ಎಲ್ಲಾ ಸರಿ ಇದ್ಯಾ?"

"ಸರಿ ಇದೆಯಪ್ಪ. ನಮ್ಮ ಅಳಿಯ. ಇವರಿಗೂ ಒಂದು ತಟ್ಟೆ ಇಡು."

ನೆವಿಲ್ ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಉಂಡ. ಹಂದಿಮೂಳೆ ಸೊಪ್ಪು ಹಾಕಿ ಬೇಯಿಸುವುದನ್ನು ತಮಾತಿ ನನಗೆ ಕಲಿಸಿದ್ದಾನೆ, ಅದನ್ನು ನಿನ್ನ ಗಂಡ ಎರಡು ಸಲ ಬಡಿಸಿಕೊಂಡ. ಚೆನ್ನಾಗಿದೆ ಎಂದ. ದನಿ ಎತ್ತರಿಸಲಿಲ್ಲ, ಒರಟಾಗಿ ಒಂದು ಮಾತೂ ಆಡಲಿಲ್ಲ. ನಾನು ಬರುವುದಿಲ್ಲವೆಂದು ಮತ್ತೊಮ್ಮೆ ಹೇಳಿದಾಗ ತಲೆಯಾಡಿಸಿದ, ಮಗು ಹೇಳಿದ್ದಕ್ಕೆ ದೊಡ್ಡವರು ತಲೆಯಾಡಿಸುವ ಹಾಗೆ. ನಾನು ಶೆಡ್ಡಿಗೆ ಚಹಾ ಕೊಟ್ಟು ಬರುವಷ್ಟರಲ್ಲಿ ಹೊರಟುಹೋಗಿದ್ದ. ಕಂಬಳಿಯನ್ನು ಮಡಚಿ ನನ್ನ ಮಂಚದ ಮೇಲೆ ಇಟ್ಟಿದ್ದ. ಫ್ಲಾಸ್ಕನ್ನು ಅದರ ಪಕ್ಕದಲ್ಲಿ. ವ್ಯಾನಿನ ಕೀಲಿಕೈ ತೂಗಿಹಾಕಿದ್ದ ಮೊಳೆ ಬರಿದಾಗಿತ್ತು.

ತಮಾತಿಗೆ ಹೇಳಿದರೆ ನಕ್ಕುಬಿಟ್ಟ. "ಅದಕ್ಯಾಕೆ ಚಿಂತೆ ಆಂಟಿ? ಎರಡು ವೈರು ಮುಟ್ಟಿಸಿದ್ರೆ ಓಡುತ್ತೆ. ಹುಡುಗನಾಗಿದ್ದಾಗ ಊರಲ್ಲಿರೋ ಅರ್ಧ ಗಾಡಿಗಳನ್ನ ಹಾಗೇ ಓಡಿಸಿದ್ದೀನಿ."

"ಓಡುತ್ತೆ ಅಂತ ನನಗೂ ಗೊತ್ತು. ಆದರೆ ಅದು ನನ್ನ ಕೀಲಿಕೈ."

ಅವನು ನಗು ನಿಲ್ಲಿಸಿದ. ಕೆಲಸಕ್ಕೆ ಹೋದ.

ನನ್ನ ಕೀಲಿಕೈ ನನಗೆ ಬೇಕು ಮೊರಾಗ್. ಕೈಮುಗಿದು ಕೇಳುತ್ತಿಲ್ಲ. ಈ ಕಾಗದವನ್ನು ನಿಮ್ಮ ಪಕ್ಕದ ಮನೆಯವರ ವಿಳಾಸಕ್ಕೆ ಹಾಕುತ್ತಿದ್ದೇನೆ, ಏಕೆಂದು ನಿನಗೆ ತಿಳಿಯುತ್ತದೆ.

ಅಮ್ಮ


ಡ್ಯುನೆಡಿನ್
11 ಆಗಸ್ಟ್

ಅಮ್ಮ,

ಇಂದು ಗುರುವಾರವಲ್ಲ, ಸೋಮವಾರ. ಅಂಚೆ ಕಚೇರಿಗೆ ನಡೆದುಕೊಂಡು ಬಂದಿದ್ದೇನೆ. ಎಲ್ಲ ಇಳಿಜಾರು, ವಾಪಸ್ಸು ಹೋಗುವಾಗ ಗೊತ್ತಾಗುತ್ತದೆ.

ಕೀಲಿಕೈ ಇದರ ಜೊತೆಗಿದೆ. ಶಬ್ದವಾಗದಿರಲೆಂದು ಕರ್ಸ್ಟಿಯ ಕಾಲುಚೀಲದಲ್ಲಿ ಸುತ್ತಿದ್ದೇನೆ.

ಅದನ್ನು ನೀನೇ ತನ್ನ ಕೈಗೆ ಕೊಟ್ಟೆ ಎಂದು ನೆವಿಲ್ ಹೇಳಿದ್ದ. "ಅವರಿಗೂ ಸಾಕಾಗಿದೆ, ಒಪ್ಪಿಕೊಳ್ಳೋಕೆ ನಾಚಿಕೆ ಅಷ್ಟೇ" ಎಂದ. ನಾನು ನಂಬಿದೆ. ಸಮಾಧಾನವೂ ಆಯಿತು. ನಿನ್ನ ಕಾಗದ ಓದಿದ ಮೇಲೆ ಅವನು ಆಫೀಸಿಗೆ ಹೋಗುವುದನ್ನೇ ಕಾದು ಮೇಜಿನ ಖಾನೆ ತೆಗೆದೆ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ.

ನಿನ್ನದರ ಪಕ್ಕದಲ್ಲೇ ನಮ್ಮ ಕಾರಿನ ಎರಡನೆಯ ಕೀಲಿಕೈ ಇತ್ತು. ಅದು ಕಳೆದುಹೋಗಿತ್ತು, ನಿನಗೆ ನೆನಪಿರಬೇಕು. ನಾನೇ ಎಲ್ಲೋ ಬೀಳಿಸಿದೆ ಎಂದು ಅವನು ಹೇಳಿದ್ದ. ಬೀಳಿಸಿದ ನೆನಪು ನನಗಿರಲಿಲ್ಲ, ಆದರೂ ಒಪ್ಪಿಕೊಂಡು ಕ್ಷಮೆ ಕೇಳಿದ್ದೆ. ಆ ಮೇಲೇ ಈ ಗುರುವಾರದ ಏರ್ಪಾಡು ಬಂದಿದ್ದು.

ಅದನ್ನು ಮುಟ್ಟಲಿಲ್ಲ. ಅಲ್ಲೇ ಬಿಟ್ಟು ಖಾನೆ ಮುಚ್ಚಿದೆ.

ಒಂದು ಕೇಳುತ್ತೇನೆ. ರಾಣಿಯ ಹಾಗೆ ಎಂದು ನಾನು ಬರೆದಾಗ ನೀನು ಒಂದೇ ಸಾಲಿನಲ್ಲಿ ಮುಗಿಸಿದೆ. ಏಕೆ?

ಮೊರಾಗ್


ಗ್ಲೆನ್‌ಕೋರಿ
16 ಆಗಸ್ಟ್

ಮೊರಾಗ್, ಮಗಳೇ,

ಕೀಲಿಕೈ ಬಂತು. ಈ ಕಾಗದವನ್ನೂ ಪಕ್ಕದ ಮನೆಯವರ ವಿಳಾಸಕ್ಕೇ ಹಾಕುತ್ತಿದ್ದೇನೆ. ಹಾಕಿ ತಿರುಗಿಸಿದೆ. ವ್ಯಾನು ಕೆಮ್ಮಿತು, ಉಗುಳಿತು, ಕರಿ ಹೊಗೆ ಬಿಟ್ಟಿತು, ಆಮೇಲೆ ಹಿಡಿದುಕೊಂಡಿತು. ಶೆಡ್ಡಿನಿಂದ ಎಲ್ಲರೂ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ಅಂಗಳದಲ್ಲಿ ಒಂದು ಸುತ್ತು ಹೊಡೆದು ನಿಲ್ಲಿಸಿದೆ. ಹೋಗುವ ಊರೇನೂ ಇರಲಿಲ್ಲ. ಸುಮ್ಮನೆ.

ನಿನ್ನಪ್ಪನ ಬಗ್ಗೆ ಕೇಳಿದ್ದೀಯೆ. ಆರ್ಚಿ ಕೆಟ್ಟವನಲ್ಲ. ಒಂದು ದಿನವೂ ಕೈ ಎತ್ತಲಿಲ್ಲ, ಕುಡಿದು ಬರಲಿಲ್ಲ. ಆದರೆ ಎಲ್ಲವನ್ನೂ ಅವನೇ ತೀರ್ಮಾನಿಸಿ, ಮುಗಿದ ಮೇಲೆ ನನಗೆ ತಿಳಿಸುತ್ತಿದ್ದ. ನಾವು ಯಾವ ಊರಿಗೆ ಹೋಗುತ್ತೇವೆ, ನಿನ್ನ ಹೆಸರೇನು, ನಾನು ಯಾವ ಬಣ್ಣದ ಕೋಟು ತೊಡುತ್ತೇನೆ. ಡ್ರೈವಿಂಗ್ ಕಲಿಯುತ್ತೇನೆಂದು ಒಮ್ಮೆ ಅಂದಿದ್ದೆ. "ನಾನಿದ್ದೀನಲ್ಲ" ಎಂದ, ಎಷ್ಟು ಪ್ರೀತಿಯಿಂದ ಎಂದರೆ ಮತ್ತೆ ಕೇಳಲು ನನಗೇ ನಾಚಿಕೆಯಾಯಿತು. ನಾನು ಅವನಿಗಾಗಿ ಅತ್ತಿದ್ದು ಸುಳ್ಳಲ್ಲ. ಅವನು ಹೋದ ಮೇಲೆ ಬೆಳಿಗ್ಗೆ ಎದ್ದು, ಇವತ್ತು ಏನು ಮಾಡಲಿ ಎಂದು ನನ್ನನ್ನೇ ಕೇಳಿಕೊಂಡಾಗ ಆದ ಸಂತೋಷವೂ ಸುಳ್ಳಲ್ಲ. ಅವನನ್ನು ನೀನು ಪ್ರೀತಿಸು. ಅದಕ್ಕೆ ನನ್ನ ಅಡ್ಡಿಯಿಲ್ಲ.

ಖಾನೆಯಲ್ಲಿ ನೀನು ಬಿಟ್ಟು ಬಂದ ಕೀಲಿಕೈಯ ವಿಷಯ ನಾನು ಏನೂ ಹೇಳುವುದಿಲ್ಲ. ನಿನ್ನ ಪರವಾಗಿ ತೀರ್ಮಾನಿಸುವವರು ಸಾಕಷ್ಟು ಜನ ಆಗಿದ್ದಾರೆ.

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ರಸ್ತೆಯಲ್ಲಿ ಬೆಳಗಿನ ಹೊತ್ತು ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ, ಹತ್ತು ಗಂಟೆಯ ಮೇಲೆ ಹೊರಟರೆ ವಾಸಿ. ಲಿಂಡಿಸ್ ಕಡೆಯಿಂದ ಬರುವ ಬದಲು ಕುರೋ ಊರಿನ ಮೇಲೆ ನದಿ ಹಿಡಿದು ಬಂದರೆ ಏರು ಕಡಿಮೆ. ಟೈರಿಗೆ ಹಾಕುವ ಸರಪಳಿ ಜೊತೆಗಿರಬೇಕು. ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೋ, ಹವಾಮಾನದ ಸುದ್ದಿ ಎಂದುಕೋ.

ನಿನ್ನೆ ತಂಡದ ಒಬ್ಬನ ಅಂಗೈಗೆ ಕತ್ತರಿ ಇಳಿಯಿತು. ಔಷಧಿ ಡಬ್ಬಿಯಲ್ಲಿದ್ದದ್ದು ಒಂದು ಸುತ್ತು ಬಟ್ಟೆ, ಅಯೋಡಿನ್. ಒಳ್ಳೆಯ ನರ್ಸ್ ಆಗಿದ್ದವಳೊಬ್ಬಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಾಳೆಂದು ತಮಾತಿಗೆ ಹೇಳಿದೆ.

ಅಮ್ಮ


ಡ್ಯುನೆಡಿನ್
20 ಆಗಸ್ಟ್

ಅಮ್ಮ,

ಸರಪಳಿಯ ಕೊಂಡಿ ಟೈರಿನ ಒಳಬದಿಗೆ ಬರಬೇಕೋ ಹೊರಬದಿಗೋ? ಪೆಟ್ಟಿಗೆಯ ಮೇಲಿನ ಚಿತ್ರ ಅಳಿಸಿಹೋಗಿದೆ. ಬೇಡ, ಉತ್ತರ ಬರೆಯಬೇಡ, ಅದು ಬರುವಷ್ಟರಲ್ಲಿ ತಡವಾಗುತ್ತದೆ. ಹಾಕಿ ನೋಡಿ ಕಲಿಯುತ್ತೇನೆ.

ಮೊರಾಗ್


ಸ್ಟೋನಿ ಫೋರ್ಡ್ ಫಾರಂ, ಓಮರಾಮ ಅಂಚೆ
7 ಸೆಪ್ಟೆಂಬರ್

ನೆವಿಲ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಅದನ್ನು ನನ್ನ ಹೆಸರಿಗೆ ಬರೆದು ಒಳಗೆಲ್ಲ ಮೊರಾಗ್‌ಳ ವಿಷಯವನ್ನೇ ಬರೆದಿದ್ದೀರಿ. ಹಾಗಾಗಿ ಅವಳ ಕೈಗೇ ಕೊಟ್ಟೆ. ನಿಂತೇ ಓದಿದಳು, ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಉತ್ತರ ಬರೆದರೆ ಅವಳೇ ಬರೆಯುತ್ತಾಳೆ. ಏನು ಬರೆಯುತ್ತಾಳೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಾನು ಬರೆಯುತ್ತಿರುವುದು ನನ್ನ ಮಟ್ಟಿಗೆ.

ಕಾರು ಓಡಿಸಿಕೊಂಡು ನನ್ನ ಹತ್ತಿರ ಬಂದ ಅವಳೂ ಕರ್ಸ್ಟಿಯೂ ಕ್ಷೇಮ. ಶಾಲೆಯ ರಜೆ ಮುಗಿಯುತ್ತಿದೆ ಎಂದು ಬರೆದಿದ್ದೀರಿ. ಓಮರಾಮದಲ್ಲೂ ಶಾಲೆಯಿದೆ, ಮೊರಾಗ್ ಹೋಗಿ ಮಾತಾಡಿ ಬಂದಿದ್ದಾಳೆ. ವೈದ್ಯರು ವಾರಕ್ಕೊಮ್ಮೆ ಬರುವ ಚಿಕಿತ್ಸಾಲಯದಲ್ಲಿ ನರ್ಸ್ ಬೇಕಾಗಿದ್ದಾರೆ, ಅಲ್ಲಿಗೂ ಹೋಗಿ ಬಂದಿದ್ದಾಳೆ. ಅವಳ ಹಳೆಯ ಸರ್ಟಿಫಿಕೇಟು ಈಗಲೂ ನಡೆಯುತ್ತದಂತೆ. ಮಗಳನ್ನು ನೋಡಬೇಕೆನಿಸಿದರೆ ಬನ್ನಿ. ಮೊದಲು ಬರೆದು ಕೇಳಿ, ಆಮೇಲೆ ಬನ್ನಿ. ಊಟ ಹಾಕುತ್ತೇನೆ, ಆ ದಿನದಂತೆಯೇ.

ಈ ಹುಚ್ಚಾಟವೆಲ್ಲ ಯಾವಾಗ ನಿಲ್ಲುತ್ತದೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೆ ನಿನ್ನೆ ನಡೆದ ಸಂಗತಿಯೊಂದನ್ನು ಹೇಳುತ್ತೇನೆ.

ಗ್ಲೆನ್‌ಕೋರಿಯ ಕೆಲಸ ಮುಗಿದು ತಂಡ ನದಿಯಾಚೆಯ ಈ ಫಾರಮ್ಮಿಗೆ ಬರಬೇಕಿತ್ತು. ಬೆಳಿಗ್ಗೆ ಹೊರಡುವಾಗಲೇ ವ್ಯಾನಿನ ಕ್ಲಚ್ಚಿನ ತಂತಿ ತುಂಡಾಯಿತು. ಇನ್ನೊಂದು ತಂತಿ ಪೇಟೆಯಿಂದ ಬರಬೇಕು. ವ್ಯಾನು ಅಲ್ಲೇ ಇರಲಿ, ಆಮೇಲೆ ಎಳೆಸಿ ತರೋಣ ಎಂದ ತಮಾತಿ. ಎರಡನೇ ಗೇರಿಗೆ ಹಾಕಿಟ್ಟು ಇಳಿಜಾರಿನಲ್ಲಿ ತಳ್ಳಿದರೆ ಹೊತ್ತಿಕೊಳ್ಳುತ್ತದಲ್ಲ ಎಂದು ಕೇಳಿದವಳು ಮೊರಾಗ್.

"ಹೊತ್ಕೊಳ್ಳುತ್ತೆ" ಅಂದ ತಮಾತಿ. "ಆದರೆ ಕ್ಲಚ್ಚಿಲ್ಲ. ಒಂದ್ಸಲ ಹೊರಟ್ರೆ ಎಲ್ಲೂ ನಿಲ್ಲಿಸೋ ಹಾಗಿಲ್ಲ. ನಿಲ್ತೋ, ಅಲ್ಲೇ ಗತಿ. ದಾರೀಲಿ ಗೇಟುಗಳಿವೆ, ಒಂದು ಹಳ್ಳ ಇದೆ."

"ಗೇಟನ್ನ ಯಾರಾದ್ರೂ ತೆಗೀಬಹುದಲ್ವಾ?" ಅಂದಳು.

ಅವಳೇ ಸ್ಟಿಯರಿಂಗ್ ಹಿಡಿದು ಕೂತಳು. ಗುರುವಾರಗಳಲ್ಲೂ ಕಾರನ್ನು ಗೇಟಿನಿಂದ ಹೊರಗೆ ನೀವೇ ತೆಗೆದು ಕೊಡುತ್ತಿದ್ದಿರಂತೆ, ಅವಳು ಕಂಬಕ್ಕೆ ತಾಗಿಸುತ್ತಾಳೆಂದು. ಪಕ್ಕದಲ್ಲಿ ನಾನು, ನಡುವೆ ಕರ್ಸ್ಟಿ. ತಂಡದವರೆಲ್ಲ ಸೇರಿ ತಳ್ಳಿದರು. ವ್ಯಾನು ಒಮ್ಮೆ ಕುಪ್ಪಳಿಸಿ ಹೊತ್ತಿಕೊಂಡಿತು, ಕಪಾಟಿನಲ್ಲಿದ್ದ ತಟ್ಟೆಗಳೆಲ್ಲ ನೆಲಕ್ಕೆ ಬಂದವು. ಮೊದಲ ಗೇಟು ಕಂಡ ಕೂಡಲೇ ನಾನು ಧುಮುಕಿ ಓಡಿ ತೆಗೆದೆ. ವ್ಯಾನು ನನ್ನನ್ನು ದಾಟಿಕೊಂಡು ಹೋಯಿತು. ಮತ್ತೆ ಓಡಿ ಬಾಗಿಲು ಹಿಡಿದೆ, ಕರ್ಸ್ಟಿ ಕೋಟು ಹಿಡಿದು ಒಳಗೆಳೆದುಕೊಂಡಳು. ಹಿಂದೆ ಬರುತ್ತಿದ್ದ ಟ್ರಕ್ಕಿನವರು ಕುರಿಗಳು ಹೊರಬೀಳದಂತೆ ಗೇಟು ಮುಚ್ಚಿಕೊಂಡು ಬಂದರು. ಎರಡನೆಯ ಗೇಟೂ ಹೀಗೇ ಆಯಿತು. ಹಳ್ಳದಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ಮೊರಾಗ್ ತುಟಿ ಕಚ್ಚಿ ಹಿಡಿದು ನೇರ ಇಳಿಸಿದಳು. ನೀರು ಬಾಗಿಲವರೆಗೆ ಎದ್ದಿತು, ಎಂಜಿನ್ ಉಸಿರು ಕಟ್ಟಿದಂತೆ ಗೊರಗುಟ್ಟಿತು. ಅವಳು ಕಾಲು ಸಡಿಲಿಸಲಿಲ್ಲ. ಆಚೆ ದಡ ಹತ್ತಿದೆವು.

ಮುಂದೆ ಕೊನೆಯ ಗೇಟು. ಅದಕ್ಕೆ ಹಗ್ಗ ಸುತ್ತಿ ಗಂಟು ಹಾಕಿದ್ದರು. ದೂರದಿಂದಲೇ ಕಾಣಿಸಿತು. ಎರಡು ಗೇಟಿಗೆ ಓಡಿಯೇ ನನ್ನ ದಮ್ಮು ಮುಗಿದಿತ್ತು.

"ಸ್ವಲ್ಪ ನಿಲ್ಲಿಸು ಮೊರಾಗ್" ಅಂದೆ. "ನನ್ನ ಕೈಲಿ ಆಗಲ್ಲ."

ನಿಮ್ಮ ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಅವಳು ಶಾಲೆಗೆ ಹೋಗುತ್ತಿದ್ದಾಗ ಕಂಡಿದ್ದೆ.

"ನಿಲ್ಲಿಸೋದಿಲ್ಲ ಅಮ್ಮ" ಅಂದಳು. "ಓಡು."

ಓಡಿದೆ.

ಐಲ್ಸಾ ಮೆಕೆರೊ